ಬರೀ ಒಂಬತ್ತು ಸಾವಿರ ಓಡಿದ ಬೈಕು

ಭಾನುವಾರ ಬೆಳಗ್ಗೆ ಬೆಂಗಳೂರಿನಿಂದ ನಂದಿ ಬೆಟ್ಟದ ಕಡೆ ಹೋಗುವ ದಾರಿಯಲ್ಲಿ ಯಾವ ಚಹಾ ಅಂಗಡಿಯ ಮುಂದೆ ನಿಂತರೂ ಈ ಮಾತು ಕಿವಿಗೆ ಬೀಳುತ್ತದೆ: “ಎರಡು ವರ್ಷ ಆಯ್ತಲ್ಲ ಮಗಾ, ಇನ್ನೂ ಆರ್15ನಲ್ಲೇ ಇದ್ದೀಯಾ? ಒಂದು ಸೆಕೆಂಡ್ ಹ್ಯಾಂಡ್ ಲೀಟರ್ ಬೈಕ್ ಎತ್ಕೊ.” ಕೇಳಿಸಿಕೊಂಡವನಿಗೆ ಇಪ್ಪತ್ಮೂರೋ ಇಪ್ಪತ್ನಾಲ್ಕೋ ವಯಸ್ಸು. ಕೆಲಸಕ್ಕೆ ಸೇರಿ ನಾಲ್ಕು ಕಾಸು ಕೂಡಿಟ್ಟಿದ್ದಾನೆ. ಹೇಳಿದವರು ಅವನ ಗೆಳೆಯರು, ಅವನ ಸಂತೋಷ ಬಯಸುವವರು. ಕೆಡುಕು ಬಯಸುವವರ ಬಾಯಿಂದ ಬಂದಿದ್ದರೆ ಈ ಸಲಹೆ ಇಷ್ಟು ಆಳಕ್ಕೆ ಇಳಿಯುತ್ತಿರಲಿಲ್ಲ.

ಇದರೊಳಗೆ ಎರಡು ನಂಬಿಕೆಗಳು ಹೆಣೆದುಕೊಂಡಿವೆ. ಯಮಹಾ ಆರ್15ನಂಥ ಸಣ್ಣ ಬೈಕು ಕಲಿಯುವ ತನಕ ಕಾಲ ಕಳೆಯುವುದಕ್ಕೆ, ಕಲಿತ ಮೇಲೂ ಅದರಲ್ಲೇ ಉಳಿದವನು ಹಿಂದೆ ಬಿದ್ದವನು ಎಂಬುದು ಒಂದು. ಹೊಸ ಕೆಟಿಎಂ 390ರ ಬೆಲೆಗೆ ಇನ್ನಷ್ಟು ಸೇರಿಸಿದರೆ ಹಳೆಯ 600 ಸಿಸಿಯದೋ 1000 ಸಿಸಿಯದೋ (ಅದೇ ‘ಲೀಟರ್ ಬೈಕ್’) ಸ್ಪೋರ್ಟ್ಸ್ ಬೈಕು ಕೈಗೆ ಬರುವಾಗ ಹೊಸದನ್ನು ಕೊಳ್ಳುವವನಿಗೆ ಲೆಕ್ಕ ಗೊತ್ತಿಲ್ಲ ಎಂಬುದು ಇನ್ನೊಂದು. ಎರಡೂ ತಪ್ಪು ಎಂದು ನಾನು ವಾದಿಸುತ್ತೇನೆ. ದೊಡ್ಡ ಬೈಕುಗಳ ಮೇಲೆ ನನಗೆ ದ್ವೇಷವಿಲ್ಲ. ನಾಲ್ಕು ಸಿಲಿಂಡರಿನ ಎಂಜಿನ್ ಹತ್ತು ಸಾವಿರ ಆರ್‌ಪಿಎಂ ದಾಟುವಾಗ ಹೊರಡುವ ಸದ್ದಿಗೆ ಮೈ ಜುಮ್ಮೆನ್ನದವರು ವಿರಳ, ನನಗೂ ಜುಮ್ಮೆನ್ನುತ್ತದೆ. ಆದರೆ ಸವಾರ ಬೆಳೆದನೋ ಇಲ್ಲವೋ ಎಂಬುದನ್ನು ಸಿಸಿಯಲ್ಲಿ ಅಳೆಯುವ ಈ ಅಭ್ಯಾಸ ಹುಡುಗರ ಹಣವನ್ನೂ ಕಲಿಕೆಯನ್ನೂ ತಿನ್ನುತ್ತಿದೆ. ಕೆಲವೊಮ್ಮೆ ಜೀವವನ್ನೂ ತಿನ್ನುತ್ತದೆ.

ಹಳೆಯ ಸೂಪರ್‌ಬೈಕುಗಳ ಮಾರಾಟದ ಜಾಹೀರಾತುಗಳನ್ನು ಸಾವಧಾನವಾಗಿ ಓದಿ. ಸಿಂಗಲ್ ಓನರ್, ಷೋರೂಂ ಕಂಡೀಷನ್, ಬರೀ ಒಂಬತ್ತು ಸಾವಿರ ಓಡಿದೆ. ಬೈಕಿಗೆ ಏಳು ವರ್ಷ. ಅಂದರೆ ತಿಂಗಳಿಗೆ ನೂರು ಕಿಲೋಮೀಟರಿಗಿಂತ ಸ್ವಲ್ಪವೇ ಹೆಚ್ಚು. ಮಾರುವವನು ಇದನ್ನು ಹೆಮ್ಮೆಯಿಂದ ಹೇಳುತ್ತಾನೆ, ಕೊಳ್ಳುವವನು ಅದೃಷ್ಟವೆಂದು ಕೇಳುತ್ತಾನೆ. ಮೀಟರನ್ನು ಯಾರೂ ತಿರುಚಿಲ್ಲ ಎಂದೇ ಇಟ್ಟುಕೊಳ್ಳೋಣ. ಆಗ ಆ ಅಂಕಿ ಹೇಳುವುದು ಒಂದೇ ಮಾತನ್ನು: ಈ ಬೈಕನ್ನು ಆಸೆಪಟ್ಟು ಕೊಂಡ ಮನುಷ್ಯನಿಗೆ ಇದನ್ನು ಓಡಿಸಲಾಗಲಿಲ್ಲ. ಆಫೀಸಿಗೆ ಒಯ್ದರೆ ಹೆಬ್ಬಾಳದ ಟ್ರಾಫಿಕ್ಕಿನಲ್ಲಿ ತೊಡೆ ಸುಡುತ್ತದೆ. ಪೇಟೆಯಲ್ಲಿ ನಿಲ್ಲಿಸಲು ಧೈರ್ಯ ಸಾಲುವುದಿಲ್ಲ. ಊರಿಗೆ ಹೋಗೋಣವೆಂದರೆ ಕೊನೆಯ ಹತ್ತು ಕಿಲೋಮೀಟರಿನ ಗುಂಡಿಗಳಲ್ಲಿ ಹೊಟ್ಟೆ ತಾಗುತ್ತದೆ. ಮುಂದಕ್ಕೆ ಬಾಗಿ ಕೂತು ಮಣಿಕಟ್ಟು ನೋಯುತ್ತದೆ. ಟೈರು ಸವೆದರೆ ಬದಲಿಸುವ ಖರ್ಚು ನೆನೆದು ಕೀಲಿ ಗೂಡಿನಲ್ಲೇ ಉಳಿಯುತ್ತದೆ. ಕೊನೆಗೆ ತಿಂಗಳಿಗೊಂದು ಭಾನುವಾರದ ಬೆಳಗು, ಒಂದು ತಿಂಡಿ, ನಾಲ್ಕು ಫೋಟೋ.

ಅದೇ ಮನುಷ್ಯ ಮಾರಿದ ಹಳೆಯ 150 ಸಿಸಿ ಬೈಕು ನಲವತ್ತು ಸಾವಿರ ಓಡಿರುತ್ತದೆ. ಮಳೆ, ರಾತ್ರಿ, ಚಾರ್ಮಾಡಿಯ ಮಂಜು, ಮರಳು ಚೆಲ್ಲಿದ ತಿರುವು ಎಲ್ಲವನ್ನೂ ಅವನು ಕಂಡದ್ದು ಅದರ ಮೇಲೆ ಕೂತು. ಸವಾರಿ ಮೈಗೆ ಹತ್ತುವುದು ಓಡಿಸಿದ ದಾರಿಯಿಂದ. ಓಡಿಸುವುದನ್ನು ತಿಂಗಳಿಗೆ ನೂರು ಕಿಲೋಮೀಟರಿಗೆ ಇಳಿಸುವ ಯಂತ್ರವನ್ನು ಕೊಂಡು, ಅದನ್ನು ಮೇಲಿನ ಮೆಟ್ಟಿಲು ಎಂದು ಕರೆಯುವುದನ್ನು ನಾನು ಒಪ್ಪಲಾರೆ. ಅದು ಕಲಿಕೆ ನಿಂತ ಜಾಗ.

ನಿಂತ ಬೈಕು ಆರೋಗ್ಯವಾಗಿರುತ್ತದೆ ಎಂಬುದೂ ಭ್ರಮೆ. ಟೈರಿನ ಪಕ್ಕದಲ್ಲಿ ‘ಡಾಟ್’ ಎಂಬ ಗುರುತಿನ ಸಾಲಿನ ಕೊನೆಗೆ ನಾಲ್ಕು ಅಂಕೆಗಳಿರುತ್ತವೆ. 2316 ಎಂದಿದ್ದರೆ ಆ ಟೈರು 2016ರ 23ನೇ ವಾರದಲ್ಲಿ ತಯಾರಾದದ್ದು. ಕಡಿಮೆ ಓಡಿದ ಬೈಕಿನಲ್ಲಿ ಹುಟ್ಟಿದಾಗಿನ ಟೈರೇ ಇರುವ ಸಂಭವ ಹೆಚ್ಚು. ಗೆರೆಗಳು ಆಳವಾಗಿ, ನೋಡಲು ಹೊಸದರಂತೆ ಕಾಣುವ ಆ ರಬ್ಬರು ಒಳಗೊಳಗೇ ಗಟ್ಟಿಯಾಗಿ ಹಿಡಿತ ಕಳೆದುಕೊಂಡಿರುತ್ತದೆ. ಮುಂದಿನ ಫೋರ್ಕಿನ ಸೀಲು ಒಣಗಿರುತ್ತದೆ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರಿದ್ದರಿಂದ ಅದರ ಕುದಿಬಿಂದು ಇಳಿದಿರುತ್ತದೆ. ಈಗ ಬಂಕುಗಳಲ್ಲಿ ಸಿಗುವ 20% ಎಥನಾಲ್ ಬೆರೆತ ಪೆಟ್ರೋಲಿಗೆ ತಕ್ಕ ರಬ್ಬರು, ಪೈಪುಗಳು ನಮ್ಮಲ್ಲಿ ನಿಯಮವಾಗಿ ಬಂದದ್ದು 2023ರ ಏಪ್ರಿಲ್ ನಂತರ ತಯಾರಾದ ವಾಹನಗಳಿಗೆ. ಅದಕ್ಕೂ ಹಿಂದಿನ ಬೈಕನ್ನು ಅದೇ ಪೆಟ್ರೋಲು ತುಂಬಿಸಿ ತಿಂಗಳುಗಟ್ಟಲೆ ನಿಲ್ಲಿಸಿಟ್ಟರೆ ಇಂಧನದ ದಾರಿಗೆ ಒಳ್ಳೆಯದಾಗುವುದಿಲ್ಲ. ಇಂಥ ಬೈಕನ್ನು ಕೊಂಡ ಮರುವಾರವೇ ಹುಡುಗ ಬಳ್ಳಾರಿ ರಸ್ತೆಗೆ ಇಳಿಸುತ್ತಾನೆ.

ಇನ್ನು ಎರಡು ವರ್ಷದಲ್ಲಿ ಸಣ್ಣ ಬೈಕಿನಿಂದ ಕಲಿಯುವುದೆಲ್ಲ ಮುಗಿಯುತ್ತದೆ ಎಂಬ ಮಾತು. ಏನು ಮುಗಿಯುತ್ತದೆ? ಗೇರು ಹಾಕುವುದು, ನೇರ ರಸ್ತೆಯಲ್ಲಿ ಪೂರ್ತಿ ಥ್ರಾಟಲ್ ತಿರುಚುವುದು ಖಂಡಿತ ಮುಗಿಯುತ್ತದೆ. ಅವುಗಳಿಗೆ ಎರಡು ವರ್ಷವೂ ಬೇಡ, ಎರಡು ತಿಂಗಳು ಸಾಕು. ನಿಲ್ಲಿಸುವುದು ಬೇರೆ ವಿದ್ಯೆ. ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಹ್ಯಾರಿ ಹರ್ಟ್ ಮತ್ತು ಸಂಗಡಿಗರು ಲಾಸ್ ಏಂಜಲೀಸ್ ಸುತ್ತಮುತ್ತ ಸುಮಾರು 900 ಬೈಕ್ ಅಪಘಾತಗಳ ಸ್ಥಳಕ್ಕೇ ಹೋಗಿ ತನಿಖೆ ಮಾಡಿ 1981ರಲ್ಲಿ ವರದಿ ಕೊಟ್ಟರು. ಅಪಘಾತಕ್ಕೆ ಸಿಕ್ಕವರಲ್ಲಿ 92% ಮಂದಿ ತಾವಾಗಿ ಕಲಿತವರು, ಇಲ್ಲವೇ ಮನೆಯವರಿಂದ, ಗೆಳೆಯರಿಂದ ಕಲಿತವರು. ಆಪತ್ತು ಎದುರಾದಾಗ ಅವರು ಹಿಂದಿನ ಬ್ರೇಕನ್ನು ಅತಿಯಾಗಿ ಒತ್ತಿ ಚಕ್ರ ಜಾರಿಸಿದರು, ನಿಜವಾಗಿ ಬೈಕನ್ನು ನಿಲ್ಲಿಸಬಲ್ಲ ಮುಂದಿನ ಬ್ರೇಕನ್ನು ಸಾಲದಷ್ಟು ಹಿಡಿದರು. ಅಪಘಾತಕ್ಕೆ ಮುಂಚಿನ ಮಧ್ಯಮ ವೇಗ ಗಂಟೆಗೆ 48 ಕಿಲೋಮೀಟರಿನ ಆಸುಪಾಸು ಇತ್ತು. ಯಾವ 100 ಸಿಸಿ ಬೈಕೂ ಮುಟ್ಟುವ ವೇಗ ಅದು. ಜನ ಬಿದ್ದದ್ದು ಅಲ್ಲಿ, ನಿಲ್ಲಿಸಲು ಬಾರದೆ.

ಲೆಕ್ಕ ಹಾಕಿ ನೋಡಿ. ಒಣ ರಸ್ತೆ, ಒಳ್ಳೆಯ ಟೈರು, ಬ್ರೇಕು ಬಲ್ಲ ಸವಾರ, ಎಚ್ಚೆತ್ತು ಲಿವರ್ ಮುಟ್ಟಲು ಒಂದು ಸೆಕೆಂಡು. 60ರ ವೇಗದಲ್ಲಿ ಬೈಕು ಸುಮಾರು 35 ಮೀಟರಿನಲ್ಲಿ ನಿಲ್ಲುತ್ತದೆ. 100ರ ವೇಗದಲ್ಲಿ ಅದೇ ಮನುಷ್ಯನಿಗೆ 75 ಮೀಟರು ದಾಟುತ್ತದೆ, ಅದರಲ್ಲಿ 28 ಮೀಟರು ಬ್ರೇಕು ಹಿಡಿಯುವುದಕ್ಕೂ ಮೊದಲೇ ಕಳೆದುಹೋಗಿರುತ್ತದೆ. ಎಂಜಿನ್ ದೊಡ್ಡದಾದರೆ ಈ ದೂರ ಒಂದು ಮೀಟರೂ ಕಡಿಮೆಯಾಗುವುದಿಲ್ಲ. ನೂರರ ವೇಗ ಇನ್ನಷ್ಟು ಬೇಗ ಬರುತ್ತದೆ, ಅಷ್ಟೆ.

ಮೋಟಾರ್ ಸ್ಪೋರ್ಟ್ಸ್ ಲೋಕದವರು ಇದನ್ನು ಎಂದೋ ಅರಿತಿದ್ದಾರೆ. ಕೀತ್ ಕೋಡ್ 1980ರಲ್ಲಿ ಕಟ್ಟಿದ ಕ್ಯಾಲಿಫೋರ್ನಿಯಾ ಸೂಪರ್‌ಬೈಕ್ ಸ್ಕೂಲ್ ಚೆನ್ನೈ ಬಳಿಯ ಇರುಂಗಾಟ್ಟುಕೋಟ್ಟೈ ಟ್ರ್ಯಾಕಿಗೆ ಬಂದಾಗ ಹೆಸರಲ್ಲಿ ಸೂಪರ್‌ಬೈಕ್ ಇದ್ದರೂ ಟಿವಿಎಸ್ ಅಪಾಚೆಯ ಮೇಲೆ ಪಾಠ ಹೇಳಿದೆ. ತಿರುವಿನ ನಡುವೆ ಹೆದರಿ ಥ್ರಾಟಲ್ ಮುಚ್ಚುವುದು, ತಪ್ಪಿಸಬೇಕಾದ ವಸ್ತುವನ್ನೇ ದಿಟ್ಟಿಸಿ ಅದಕ್ಕೇ ಹೋಗಿ ಬಡಿಯುವುದು, ಇಂಥ ಹುಟ್ಟು ಪ್ರತಿಕ್ರಿಯೆಗಳನ್ನು ಕಳಚುವುದೇ ಕೋಡ್ ಅವರ ಪಾಠದ ತಿರುಳು. ಅವನ್ನು ಕಳಚಲು ಹೆದರಿಕೆ ಕಡಿಮೆ ಇರುವ ಬೈಕು ಬೇಕು. ಗ್ರಾಂಪ್ರಿ ಕನಸು ಹೊತ್ತ ಹದಿಹರೆಯದವರು ಮೋಟೋ3ಯಲ್ಲಿ ವರ್ಷಗಟ್ಟಲೆ 250 ಸಿಸಿ ಒಂಟಿ ಸಿಲಿಂಡರಿನ ಬೈಕು ಓಡಿಸುತ್ತಾರೆ. ಅಲ್ಲೂ ಮೇಲಿನ ತರಗತಿಗೆ ಹೋಗುತ್ತಾರೆ, ನಿಜ. ಅವರನ್ನು ಮೇಲೆ ಕಳಿಸುವುದು ಗಡಿಯಾರ. ಸುತ್ತಿನಿಂದ ಸುತ್ತಿಗೆ ಸಮಯ ಇಳಿಸಿ ತೋರಿಸಿದವನಿಗೆ ಆ ಬಾಗಿಲು ತೆರೆಯುತ್ತದೆ, ಎರಡು ವರ್ಷ ಕಳೆದನೆಂದು ಯಾರಿಗೂ ತೆರೆಯುವುದಿಲ್ಲ. ನಮ್ಮ ಬೆಂಗಳೂರಿನ ಸಿ.ಎಸ್. ಸಂತೋಷ್ 2015ರಲ್ಲಿ ಡಕಾರ್ ರ‍್ಯಾಲಿ ಮುಗಿಸಿದ ಮೊದಲ ಭಾರತೀಯರಾದರು, 36ನೇ ಸ್ಥಾನ. ಲೋಕದ ಅತಿ ಕಠಿಣ ರ‍್ಯಾಲಿ ಎನಿಸಿದ ಅದರಲ್ಲಿ ಬೈಕುಗಳಿಗೆ 450 ಸಿಸಿಯ ಮಿತಿಯಿದೆ. ಒಂಬತ್ತು ಸಾವಿರ ಕಿಲೋಮೀಟರು ಮರಳು, ಕಲ್ಲು, ಬೆಟ್ಟ ದಾಟಿದ ಬೈಕಿಗೆ ನಂದಿ ಬೆಟ್ಟದ ಚಹಾ ಅಂಗಡಿಯ ಮುಂದೆ ಮರ್ಯಾದೆ ಸಿಗುವುದಿಲ್ಲವೆಂದರೆ ಅಲ್ಲಿ ಬಳಸುವ ಅಳತೆಗೋಲೇ ಡೊಂಕು.

“ಥ್ರಾಟಲ್ ನಮ್ಮ ಕೈಯಲ್ಲೇ ಇರುತ್ತಲ್ಲ, ನಿಧಾನ ತಿರುಚಿದರಾಯ್ತು.” ಎದುರು ಪಕ್ಷದ ಅತ್ಯಂತ ಬಲವಾದ ವಾದ ಇದು, ಕೇಳಲು ಸರಿಯೆನಿಸುತ್ತದೆ. ಶಾಂತವಾಗಿ ಹೋಗುವಾಗ ಥ್ರಾಟಲ್ ನಮ್ಮ ಮಾತು ಕೇಳುತ್ತದೆ, ನಿಜ. ಆದರೆ ಬಣ್ಣ ಬಳಿಯದ ಹಂಪು ಕತ್ತಲಲ್ಲಿ ಏಕಾಏಕಿ ಚಕ್ರದಡಿ ಸಿಕ್ಕಾಗ ಮೈ ಹಿಂದಕ್ಕೆ ಜೋಲುತ್ತದೆ, ಹಿಡಿಯನ್ನು ಬಿಗಿಯಾಗಿ ಹಿಡಿದ ಕೈ ಅದರೊಂದಿಗೇ ತಿರುಗುತ್ತದೆ. ಹದಿನೆಂಟು ಕುದುರೆಬಲದ ಆರ್15 ಆಗ ಒಂದು ಗುಟುರು ಹಾಕಿ ಮುಂದಕ್ಕೆ ಜಿಗಿಯುತ್ತದೆ, ಅಷ್ಟೆ. ನೂರಾ ಎಂಬತ್ತು ಕುದುರೆಬಲದ ಬೈಕು ಅಷ್ಟೇ ತಿರುಚಿಗೆ ಎದುರಿನ ಲಾರಿಯ ಬುಡಕ್ಕೆ ತಲುಪಿರುತ್ತದೆ. ಬ್ರೇಕಿನದೂ ಇದೇ ಕಥೆ. ಬೆದರಿದ ಕೈ ಲಿವರನ್ನು ಗಬಕ್ಕನೆ ಹಿಡಿಯುತ್ತದೆ. ಸಣ್ಣ ಬೈಕಿನ ಬ್ರೇಕು ಆ ತಪ್ಪನ್ನು ಒಂದಿಷ್ಟು ನುಂಗಿಕೊಳ್ಳುತ್ತದೆ. ಮುಂದೆ ಎರಡೆರಡು ದೊಡ್ಡ ಡಿಸ್ಕು, ರೇಡಿಯಲ್ ಕ್ಯಾಲಿಪರ್ ಇರುವ ಬೈಕು ನುಂಗಿಕೊಳ್ಳುವುದಿಲ್ಲ. ಸವಾರನ ಕೈಯ ತಪ್ಪು ಎರಡರಲ್ಲೂ ಒಂದೇ, ತೆರಬೇಕಾದ ಬೆಲೆ ಬೇರೆ. ಅದರ ಮೇಲೆ ನಾಲ್ಕು ಸಿಲಿಂಡರಿನ 600ಗಳ ಸ್ವಭಾವ ಬೇರೆ: ಕೆಳಗಿನ ಆರ್‌ಪಿಎಂಗಳಲ್ಲಿ ಸಾಧುವಾಗಿದ್ದು ಓಡಿಸುವವನಿಗೆ ‘ಇಷ್ಟೇನಾ’ ಅನಿಸುವಂತೆ ಮಾಡಿ, ಎಂಟು ಸಾವಿರ ದಾಟಿದ ಮೇಲೆ ತಮ್ಮ ಬಲವೆಲ್ಲ ಬಿಚ್ಚುತ್ತವೆ.

ಅಮೆರಿಕದ ಇನ್ಶೂರೆನ್ಸ್ ಇನ್‌ಸ್ಟಿಟ್ಯೂಟ್ ಫಾರ್ ಹೈವೇ ಸೇಫ್ಟಿ 2007ರಲ್ಲಿ ಕೊಟ್ಟ ಲೆಕ್ಕ ಇದನ್ನೇ ಹೇಳುತ್ತದೆ. 2005ರಲ್ಲಿ ಅಲ್ಲಿ ನೋಂದಣಿಯಾಗಿದ್ದ ಬೈಕುಗಳಲ್ಲಿ ರೇಸ್ ಬೈಕಿನ ಮಾದರಿಯಲ್ಲಿ ಕಟ್ಟಿದ ಸೂಪರ್‌ಸ್ಪೋರ್ಟ್ ಬಗೆಯವು 10%ಕ್ಕಿಂತ ಕಡಿಮೆ. ಸತ್ತ ಸವಾರರಲ್ಲಿ ಅವುಗಳ ಪಾಲು 25% ಮೀರಿತ್ತು. ಬೇರೆಲ್ಲ ಬಗೆಗಳಿಗೆ ಹೋಲಿಸಿದರೆ ಸಾವಿನ ಪ್ರಮಾಣ ಸುಮಾರು ನಾಲ್ಕು ಪಟ್ಟು. ಇಲ್ಲೊಂದು ಪ್ರಾಮಾಣಿಕ ಮಾತು ಹೇಳಬೇಕು: ದೊಡ್ಡ ಎಂಜಿನ್ನಿನ ಬೈಕುಗಳು ಅಪಘಾತಗಳಲ್ಲಿ ತಮ್ಮ ಸಂಖ್ಯೆಗಿಂತ ಕಡಿಮೆ ಕಂಡವು ಎಂದು ಹರ್ಟ್ ವರದಿಯಲ್ಲೇ ಇದೆ. ದೊಡ್ಡ ಬೈಕಿನ ಪರ ವಾದಿಸುವವರು ಇದನ್ನು ಎತ್ತುವುದುಂಟು. ಅವುಗಳಿಂದ ಬಿದ್ದವರ ಗಾಯ ಹೆಚ್ಚು ತೀವ್ರವಾಗಿತ್ತು ಎಂದೂ ಅಲ್ಲಿಯೇ ಇದೆ. ಆ ಅಧ್ಯಯನ ನಡೆದ ಕಾಲಕ್ಕೆ ಇಂದಿನ ಸೂಪರ್‌ಸ್ಪೋರ್ಟ್ ಎಂಬ ಬಗೆ ರಸ್ತೆಗೆ ಬಂದೂ ಇರಲಿಲ್ಲ.

“ದೊಡ್ಡ ಬೈಕಿನಲ್ಲಿ ಸುರಕ್ಷತೆ ಜಾಸ್ತಿ” ಎಂಬ ಇನ್ನೊಂದು ಮಾತಿದೆ. ಹೊಸ ಬೈಕಿನ ಬಗ್ಗೆ ಹೇಳಿದ್ದರೆ ಸುಮ್ಮನಿರಬಹುದಿತ್ತು. ಇಲ್ಲಿ ಮಾತಾಡುತ್ತಿರುವುದು ಹಳೆಯದರ ಬಗ್ಗೆ. ಯಮಹಾ ಆರ್1 ಭಾರತಕ್ಕೆ ಅಧಿಕೃತವಾಗಿ ಬಂದದ್ದು 2007ರ ಹೊತ್ತಿಗೆ. ಥ್ರಾಟಲ್ ತಿರುಚಿದಾಗ ಹಿಂದಿನ ಚಕ್ರ ಜಾರದಂತೆ ನೋಡಿಕೊಳ್ಳುವ ಟ್ರ್ಯಾಕ್ಷನ್ ಕಂಟ್ರೋಲ್ ಅದಕ್ಕೆ ಬಂದದ್ದು 2012ರಲ್ಲಿ, ಬ್ರೇಕು ಹಿಡಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ಎಬಿಎಸ್ ಬಂದದ್ದು 2015ರಲ್ಲಿ. ನಮ್ಮ ದೇಶದಲ್ಲಿ 125 ಸಿಸಿ ಮೀರಿದ ಹೊಸ ಮಾದರಿಗಳಿಗೆ ಎಬಿಎಸ್ ಕಡ್ಡಾಯವಾದದ್ದು 2018ರ ಏಪ್ರಿಲಿನಲ್ಲಿ, ಎಲ್ಲ ಮಾದರಿಗಳಿಗೂ ಅದು ವಿಸ್ತರಿಸಿದ್ದು ಮರುವರ್ಷ. ಆದ್ದರಿಂದ ಹುಡುಗನ ಬಜೆಟ್ಟಿಗೆ ಎಟುಕುವ ಹಳೆಯ ಲೀಟರ್ ಬೈಕಿನಲ್ಲಿ ಚಕ್ರ ಲಾಕ್ ಆಗುವುದನ್ನು ತಡೆಯುವ ಯಾವ ವ್ಯವಸ್ಥೆಯೂ ಇರದಿರಬಹುದು. ಅವನು ಮಾರಲು ಹೊರಟ 2021ರ ಆರ್15 ವಿ4ನಲ್ಲಿ ಎರಡೂ ಚಕ್ರಕ್ಕೆ ಎಬಿಎಸ್ ಇದೆ, ಟ್ರ್ಯಾಕ್ಷನ್ ಕಂಟ್ರೋಲ್ ಇದೆ. 2022ರ ಕೆಟಿಎಂ ಆರ್‌ಸಿ 390ಯಲ್ಲಿ ಬೈಕು ಎಷ್ಟು ವಾಲಿದೆ ಎಂದು ಅಳೆದು ಬ್ರೇಕನ್ನು ಹದಗೊಳಿಸುವ ಎಬಿಎಸ್ ಇದೆ. ಹತ್ತು ಪಟ್ಟು ಕುದುರೆಬಲದ ಕಡೆಗೆ ಹೋಗುತ್ತಾ, ಆ ಬಲವನ್ನು ಹಿಡಿದಿಡುವ ಸಾಧನಗಳನ್ನು ಹಿಂದೆ ಬಿಟ್ಟು ಹೋಗುವುದಕ್ಕೆ ಅಪ್‌ಗ್ರೇಡ್ ಎಂಬ ಹೆಸರು ಸಲ್ಲದು.

ಆ ಬಲವನ್ನು ಎಲ್ಲಿ ಬಳಸುತ್ತೀರಿ ಎಂದು ಕೇಳಿದರೆ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ಎನ್ನುವವರು ಈಗಲೂ ಇದ್ದಾರೆ. 2023ರ ಆಗಸ್ಟ್ 1ರಿಂದ ಅದರ ಮುಖ್ಯ ರಸ್ತೆಗೆ ದ್ವಿಚಕ್ರ ವಾಹನಗಳಿಗೆ ಪ್ರವೇಶವೇ ಇಲ್ಲ. ಲೀಟರ್ ಬೈಕೂ ಹಾಲಿನ ಕ್ಯಾನು ಕಟ್ಟಿದ ಮೊಪೆಡ್ಡೂ ಓಡಬೇಕಾದ್ದು ಒಂದೇ ಸರ್ವಿಸ್ ರಸ್ತೆಯಲ್ಲಿ. ಉಳಿದ ಹೆದ್ದಾರಿಗಳಲ್ಲಿ, ವಿಭಜಕವಿರುವ ನಾಲ್ಕು ಪಥದಲ್ಲೂ, ಬೈಕಿಗೆ ಕೇಂದ್ರ ಸರ್ಕಾರ 2018ರಲ್ಲಿ ನಿಗದಿ ಮಾಡಿದ ಗರಿಷ್ಠ ವೇಗ 80. ಲೀಟರ್ ಬೈಕುಗಳು ಮೊದಲ ಗೇರಿನಲ್ಲೇ ನೂರು ದಾಟುತ್ತವೆ.

ಇನ್ನು ಹಣ. 2025ರ ಸೆಪ್ಟೆಂಬರ್ 22ರಿಂದ 350 ಸಿಸಿವರೆಗಿನ ಬೈಕಿಗೆ ಜಿಎಸ್‌ಟಿ 18%, ಅದಕ್ಕೆ ಮೇಲ್ಪಟ್ಟದ್ದಕ್ಕೆ 40%. ಹೊಸ ದೊಡ್ಡ ಬೈಕು ಇನ್ನಷ್ಟು ದೂರ ಸರಿದದ್ದರಿಂದ ಹುಡುಗರ ಕಣ್ಣು ಹಳೆಯದರ ಮೇಲೆ ಬೀಳುವುದು ಸಹಜ. ಆದರೆ ಬೈಕು ಅಗ್ಗವಾಗಿ ಸಿಕ್ಕಿತೆಂದು ಅದರ ಹೊಟ್ಟೆ ಚಿಕ್ಕದಾಗುವುದಿಲ್ಲ. ಹೊಸದಾಗಿದ್ದಾಗ ಹದಿನೈದು ಲಕ್ಷದ್ದಾಗಿದ್ದ ಬೈಕಿನ ಬಿಡಿಭಾಗಕ್ಕೆ ಇವತ್ತೂ ಹದಿನೈದು ಲಕ್ಷದ ಬೈಕಿನ ಬೆಲೆಯೇ. ಎಂಜಿನ್ ಆಯಿಲ್ ಒಂದು ಲೀಟರಿನ ಬದಲು ನಾಲ್ಕರ ಹತ್ತಿರ ಬೇಕು. ನಾಲ್ಕು ವಾಲ್ವಿನ ಜಾಗದಲ್ಲಿ ಹದಿನಾರು, ಅವುಗಳ ಸಂದು ನೋಡಬೇಕಾದರೆ ಟ್ಯಾಂಕು, ಏರ್‌ಬಾಕ್ಸು ಎಲ್ಲ ಬಿಚ್ಚಬೇಕು. ಅದನ್ನು ಸರಿಯಾಗಿ ಬಲ್ಲ ಮೆಕ್ಯಾನಿಕ್ ಬೆಂಗಳೂರಿನಲ್ಲಿ ಬೆರಳೆಣಿಕೆ, ದಾವಣಗೆರೆಯಲ್ಲೋ ಕಲಬುರಗಿಯಲ್ಲೋ ಹುಡುಕಿಕೊಂಡು ಹೋಗಬೇಕು. ಮೆತ್ತನೆಯ ರಬ್ಬರಿನ ಹಿಂದಿನ ಟೈರು ಒಂದಕ್ಕೇ ಹತ್ತು ಸಾವಿರ ದಾಟುತ್ತದೆ, ಮತ್ತದು ಬೇಗ ಸವೆಯುತ್ತದೆ. ಬೇರೆ ರಾಜ್ಯದ ನೋಂದಣಿಯಾದರೆ ಎನ್‌ಒಸಿ, ಇಲ್ಲಿಯ ಆಜೀವ ತೆರಿಗೆ. ಹಳೆಯ ಸೂಪರ್‌ಬೈಕುಗಳಲ್ಲಿ ಸುಂಕ ತಪ್ಪಿಸಿ ಬಿಡಿಭಾಗಗಳಾಗಿ ತರಿಸಿ ಜೋಡಿಸಿದವೂ ಇದ್ದವು, ಕಂದಾಯ ಗುಪ್ತಚರ ಅಧಿಕಾರಿಗಳು ಅಂಥವನ್ನು ಜಪ್ತಿ ಮಾಡಿದ್ದೂ ಉಂಟು. ಛಾಸಿ ನಂಬರು ಆರ್‌ಸಿಗೆ ಹೊಂದುತ್ತದೆಯೋ, ಹ್ಯಾಂಡಲ್ ತಿರುಗಿ ತಾಗುವ ಜಾಗ ಜಜ್ಜಿದೆಯೋ, ಎಂಜಿನ್ ಕವರಿನಲ್ಲಿ ಉಜ್ಜಿದ ಗುರುತಿದೆಯೋ ಎಂದು ನೋಡಬಲ್ಲ ಕಣ್ಣು ಮೊದಲ ಸಲ ದೊಡ್ಡ ಬೈಕಿನ ಮುಂದೆ ನಿಂತವನಿಗೆ ಇರುವುದಿಲ್ಲ. ಫಳಫಳ ಹೊಳೆಯುವ ಹೊಸ ಫೇರಿಂಗ್ ಅವನಿಗೆ ಚೆಂದ ಕಾಣುತ್ತದೆ, ಹಳೆಯದು ಏನಾಯಿತು ಎಂದು ಕೇಳಲು ತೋಚುವುದಿಲ್ಲ.

ಖರ್ಚು ಕೈಮೀರಿದಾಗ ಮೊದಲು ಕತ್ತರಿ ಬೀಳುವುದು ಜಾಕೆಟ್ಟು, ಬೂಟು, ಒಳ್ಳೆಯ ಹೆಲ್ಮೆಟ್ಟಿಗೆ. ನನಗೆ ಅತ್ಯಂತ ಸಿಟ್ಟು ಬರಿಸುವ ಸಂಗತಿ ಇದು. ಆರು ಲಕ್ಷದ ಬೈಕಿನ ಮೇಲೆ ಜೀನ್ಸು, ಕ್ಯಾನ್ವಾಸ್ ಶೂ ತೊಟ್ಟು ಹೊರಡುವ ಹುಡುಗನನ್ನು ಸುತ್ತ ನಿಂತವರು ಚಪ್ಪಾಳೆ ತಟ್ಟಿ ಕಳಿಸುತ್ತಾರೆ.

ದೊಡ್ಡ ಬೈಕು ಬೇಕಾದವರೂ ಇದ್ದಾರೆ. ಹಿಂದೆ ಹೆಂಡತಿಯನ್ನು ಕೂರಿಸಿಕೊಂಡು, ಸಾಮಾನು ಕಟ್ಟಿಕೊಂಡು ದಿನಕ್ಕೆ ಐನೂರು ಕಿಲೋಮೀಟರು ಹೋಗುವವನಿಗೆ 150 ಸಾಲದು. ಲಾರಿ ದಾಟುವಾಗ ಕೈಯಲ್ಲಿ ಒಂದಿಷ್ಟು ಮಿಕ್ಕ ಬಲ ಇರುವುದು ಒಳ್ಳೆಯದೇ. ಅವನಿಗೆ ಎರಡು ಸಿಲಿಂಡರಿನ, ನೆಟ್ಟಗೆ ಕೂತು ಓಡಿಸುವ, ಕೆಳಗಿನಿಂದಲೇ ಸಮನಾಗಿ ಎಳೆಯುವ 500 ಅಥವಾ 650 ಸಿಸಿ ಬೈಕುಗಳಿವೆ, ಎಬಿಎಸ್ ಸಮೇತ. ಅವನ ಆಯ್ಕೆಗೆ ಕಾರಣವಿದೆ. ‘ಎರಡು ವರ್ಷ ಆಯ್ತಲ್ಲ’ ಎಂಬುದನ್ನು ನಾನು ಕಾರಣವೆಂದು ಒಪ್ಪುವುದಿಲ್ಲ. ಅದೇ ಹಣದ ಸಣ್ಣ ಪಾಲಿನಲ್ಲಿ ಇದ್ದ ಬೈಕಿಗೆ ಒಳ್ಳೆಯ ಟೈರು ಹಾಕಿಸಿ, ಮೈತುಂಬ ರಕ್ಷಣೆ ಕೊಂಡು, ಟ್ರ್ಯಾಕಿನಲ್ಲಿ ಎರಡು ಮೂರು ದಿನ ಗುರುಮುಖೇನ ಕಲಿತು, ಕುದುರೆಮುಖ, ಆಗುಂಬೆ, ಚಾರ್ಮಾಡಿಗಳನ್ನು ಎಲ್ಲ ಋತುವಿನಲ್ಲೂ ಓಡಿಸಿದವನು ಒಂದೇ ವರ್ಷದಲ್ಲಿ ಎಷ್ಟು ಬದಲಾಗುತ್ತಾನೆಂಬುದನ್ನು ನೋಡಿದವರಿಗೆ ಈ ಮಾತು ವಿವರಿಸಬೇಕಾಗಿಲ್ಲ.

ತಪ್ಪು ಹುಡುಗರ ಮೇಲೆ ಮಾತ್ರ ಹೊರಿಸುವುದೂ ನ್ಯಾಯವಲ್ಲ. 2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಮಂದಿ ಸತ್ತರು, ಅವರಲ್ಲಿ 44.5% ದ್ವಿಚಕ್ರ ಸವಾರರು. ಇಷ್ಟಾದರೂ 97 ಸಿಸಿಯ ಸ್ಪ್ಲೆಂಡರಿನಲ್ಲಿ ಎಂಟು ಹಾಕಿ ತೋರಿಸಿದವನಿಗೆ ನಮ್ಮ ಆರ್‌ಟಿಒ ಕೊಡುವ ಲೈಸೆನ್ಸು 1340 ಸಿಸಿಯ ಹಯಾಬುಸಾಕ್ಕೂ ಸಲ್ಲುತ್ತದೆ. ಗೇರಿರುವ ಬೈಕು ಎಂಬ ಒಂದೇ ವರ್ಗ, ಮೇಲೆ ಮಿತಿಯೇ ಇಲ್ಲ. ಸಿಂಗಾಪುರದಲ್ಲಿ 200 ಸಿಸಿವರೆಗೆ ಒಂದು ವರ್ಗ, 400ರವರೆಗೆ ಇನ್ನೊಂದು, ಅದಕ್ಕೂ ಮೇಲೆ ಮೂರನೆಯದು, ನಡುವೆ ಕನಿಷ್ಠ ಒಂದೊಂದು ವರ್ಷದ ಅಂತರ. ಯುರೋಪಿನಲ್ಲಿ 2013ರಿಂದ ಹೊಸ ಎಳೆಯ ಸವಾರರಿಗೆ 35 ಕಿಲೋವ್ಯಾಟ್, ಅಂದರೆ ಸುಮಾರು 47 ಕುದುರೆಬಲದ ಮಿತಿ. ಅದರಲ್ಲಿ ಎರಡು ವರ್ಷ ಕಳೆದ ಮೇಲೂ ಮುಂದಿನದು ತಾನಾಗಿ ಸಿಗುವುದಿಲ್ಲ, ಪರೀಕ್ಷೆಯೋ ತರಬೇತಿಯೋ ಮುಗಿಸಬೇಕು. ಬ್ರಿಟನ್ನಿನ ಬೈಕ್ ಪರೀಕ್ಷೆಯಲ್ಲಿ ಕನಿಷ್ಠ 50ರ ವೇಗದಿಂದ ತುರ್ತಾಗಿ ನಿಲ್ಲಿಸಿ ತೋರಿಸಬೇಕು. ನಮ್ಮಲ್ಲೂ 400 ಸಿಸಿ ಮೀರಿದ ಬೈಕಿಗೆ ಪ್ರತ್ಯೇಕ ವರ್ಗ ತರಬೇಕು. ಆ ಲೈಸೆನ್ಸು ಕೇಳಿ ಬಂದವನನ್ನು ಅಂಥದೇ ಬೈಕಿನ ಮೇಲೆ ಕೂರಿಸಿ, ಗೆರೆ ಎಳೆದು, ಅದರೊಳಗೆ ನಿಲ್ಲಿಸಿ ತೋರಿಸು ಎನ್ನಬೇಕು. ಇದಕ್ಕೆ ಬೇಕಾದ್ದು ಕೇಂದ್ರದ ನಿಯಮಕ್ಕೆ ಒಂದು ತಿದ್ದುಪಡಿ, ನೂರು ಮೀಟರಿನ ಡಾಂಬರು, ಒಬ್ಬ ಪರೀಕ್ಷಕ.